ಎರಡು ಕಾರು, ಒಂದೇ ಟ್ರೇಲರ್

ಪ್ರಶ್ನೆ: ಬಬಲೇಶ್ವರದ ಓದುಗರೊಬ್ಬರು ತಿಕೋಟಾದಲ್ಲಿರುವ ಎರಡು ಹಳೆಯ ಸಣ್ಣ ಕಾರುಗಳನ್ನು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಬೆಂಗಳೂರಿಗೆ ಸಾಗಿಸಬಹುದೇ ಎಂದು ಕೇಳಿದ್ದಾರೆ.

ಉತ್ತರ: ಕೃಷಿ ಬಳಕೆಗೆಂದು ನೋಂದಾಯಿಸಿದ ಟ್ರೇಲರ್ ಇಂಥ ದೂರದ ಸಾಗಣೆಗೆ ತಕ್ಕುದಲ್ಲ, ಮಾರುತಿ 800ರಂಥ ಕಾರು ಸುಮಾರು 3.3 ಮೀಟರ್ ಉದ್ದವಿರುವುದರಿಂದ ಎರಡನ್ನು ಒಂದರ ಹಿಂದೊಂದು ನಿಲ್ಲಿಸಲು 7 ಮೀಟರಿನಷ್ಟು ತಳ ಬೇಕಾಗುತ್ತದೆ, ಸರಕು ಹೊರಚಾಚಿದರೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಡಿ 20,000 ರೂಪಾಯಿ ದಂಡಕ್ಕೆ ಅವಕಾಶವಿದೆ. ಆದ್ದರಿಂದ ತಾವು ವಿಜಯಪುರದಲ್ಲಿ ಪರವಾನಗಿಯುಳ್ಳ, ಸಾಕಷ್ಟು ಉದ್ದದ ಲಾರಿಯನ್ನು ಬಾಡಿಗೆಗೆ ಪಡೆಯುವುದು, ಇಲ್ಲವೇ ಕಾರುಗಳು ಸುಸ್ಥಿತಿಯಲ್ಲಿದ್ದರೆ ಇಬ್ಬರು ಚಾಲಕರಿಂದ ಓಡಿಸಿಕೊಂಡು ಹೋಗುವುದು ಲೇಸು.

ಲಾರಿಗೆ ಏರಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಗಾಲಿಗಳಿಗೆ ಅಡ್ಡಗಟ್ಟಿಗೆ ಕೊಡಿಸಿ; ಬಂಪರಿಗೆ ಹಗ್ಗ ಬಿಗಿಯದೆ, ಹಿಡಿಯನ್ನು ಹಿಂದೆಮುಂದೆ ಆಡಿಸಿದಂತೆ ಬಿಗಿಯಾಗುವ ರ್ಯಾಚೆಟ್ ಬೆಲ್ಟುಗಳಿಂದ ನಾಲ್ಕೂ ಗಾಲಿಗಳನ್ನು ಕಟ್ಟಿಸಿ, ದಾರಿಯಲ್ಲಿ ಸಿಗುವ ಮನಗೂಳಿಯಲ್ಲಿ ನಿಲ್ಲಿಸಿ ಮತ್ತೊಮ್ಮೆ ಪರೀಕ್ಷಿಸುವುದು ಅಗತ್ಯ, ಏಕೆಂದರೆ ಹೊಸದಾಗಿ ಕಟ್ಟಿದ ಬೆಲ್ಟು ಮೊದಲ ಕೆಲವು ಮೈಲಿಗಳಲ್ಲೇ ಸಡಿಲಗೊಳ್ಳುತ್ತದೆ.

ಕಾರಿಗೇ ಆಗುವ ಹಾನಿಯನ್ನು ಭರಿಸುವ ಸಮಗ್ರ ವಿಮೆಯು ಸಾಮಾನ್ಯವಾಗಿ ರಸ್ತೆ ಸಾಗಣೆಗೂ ಅನ್ವಯಿಸುತ್ತದೆ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದಲ್ಲಿ ಹೊರಡುವ ಮೊದಲೇ ವಿಮಾ ಸಲಹೆಗಾರರನ್ನು ಕಂಡು ಸಾಗಣೆ ವಿಮೆ ಮಾಡಿಸಿ. ನೋಂದಣಿ ಅಥವಾ ಭಾರಮಿತಿಯ ಬಗ್ಗೆ ಸಂಶಯವಿದ್ದರೆ ವಿಜಯಪುರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ.