ಟಂಕಸಾಲೆಯ ಬಾಗಿಲು ದಾಟಿದ್ದು ಹೇಗೆ?

1877ರ ಐವತ್ತು ಡಾಲರಿನ ಚಿನ್ನದ ನಾಣ್ಯ ಮಾರಾಟಕ್ಕಿದೆ, ಮುಂಗಡ ಕೊಟ್ಟುಬಿಡಲೇ ಎಂದು ಕೇಳಿದ್ದೀಯ. ಕೊಡಬೇಡ ಮಾರಾಯ. ವಸ್ತುವನ್ನು ಕಣ್ಣಾರೆ ನೋಡದೆ ಹೀಗೆ ಖಡಾಖಂಡಿತ ಹೇಳಬಾರದು, ನಿಜ. ಆದರೆ ಆ ನಾಣ್ಯ ಚಿನ್ನದಲ್ಲಿ ಇರುವುದೇ ಎರಡು, ಎರಡೂ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿವೆ. ಮೂರನೆಯದು ನಿನ್ನನ್ನೇ ಹುಡುಕಿಕೊಂಡು ಬಂತೆಂದರೆ ಅನುಮಾನ ಪಡಬೇಕಾದ್ದೇ.

ಸಂಗ್ರಾಹಕರು ಹಾಫ್ ಯೂನಿಯನ್ ಎನ್ನುವ ಇದು ಚಲಾವಣೆಗೆ ಬಂದದ್ದೇ ಅಲ್ಲ. ಹೊಸ ನಾಣ್ಯ ಬೇಕೋ ಬೇಡವೋ ಎಂದು ತೀರ್ಮಾನವಾಗುವ ಮೊದಲು ಟಂಕಸಾಲೆ ಹೊಡೆದು ನೋಡುವ ಪ್ಯಾಟರ್ನ್, ಅಂದರೆ ಮಾದರಿ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ಕಾಲದಿಂದ ದೊಡ್ಡ ಮೊತ್ತದ ನಾಣ್ಯ ಬೇಕೆಂಬ ಮಾತಿತ್ತು. ಫಿಲಡೆಲ್ಫಿಯಾ ಟಂಕಸಾಲೆಯ ಮುಖ್ಯ ಕೆತ್ತನೆಗಾರ ವಿಲಿಯಂ ಬಾರ್ಬರ್ ಲಿಬರ್ಟಿಯ ತಲೆಯನ್ನು ಒಂದರಲ್ಲಿ ದೊಡ್ಡದಾಗಿ, ಇನ್ನೊಂದರಲ್ಲಿ ಸಣ್ಣದಾಗಿ ಕೆತ್ತಿದ. ಒಂದೊಂದನ್ನು ಚಿನ್ನದಲ್ಲಿ ಹೊಡೆದರು, ತಾಮ್ರದಲ್ಲಿ ಇನ್ನಷ್ಟು. ಯೋಜನೆ ಅಲ್ಲಿಗೇ ನಿಂತಿತು.

ತಾಮ್ರದವುಗಳಲ್ಲಿ ಕೆಲವಕ್ಕೆ ಚಿನ್ನದ ನೀರು ಹಾಯಿಸಿದ್ದಾರೆ, ಇತ್ತೀಚಿನ ನಕಲುಗಳಂತೂ ಪೇಟೆಯಲ್ಲಿ ಬೇಕಾದಷ್ಟಿವೆ. ಹಾಗಾಗಿ ಬಣ್ಣ ನಂಬಬೇಡ, ತಕ್ಕಡಿ ನಂಬು. ಆ ಕಾಲದ ಅಳತೆಯಂತೆ ಐವತ್ತು ಡಾಲರಿನ ಚಿನ್ನದ ನಾಣ್ಯ 83 ಗ್ರಾಂ ದಾಟಬೇಕು, ಅದೇ ಗಾತ್ರದ ತಾಮ್ರ ಅದರ ಅರ್ಧದ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಇಷ್ಟಕ್ಕೆ ಯಾವ ತಜ್ಞನೂ ಬೇಡ.

ನಾನು ಹೇಳಬೇಕೆಂದಿರುವುದು ಅದಕ್ಕಿಂತ ದೊಡ್ಡದು. ಎಷ್ಟು ಅಪರೂಪ, ಎಷ್ಟು ಬೆಲೆ ಎಂದು ವಿಚಾರಿಸುವ ಮೊದಲು ಇದು ಟಂಕಸಾಲೆಯ ಬಾಗಿಲು ದಾಟಿದ್ದು ಹೇಗೆ ಎಂದು ಕೇಳು. ವಿಲಿಯಂ ವುಡಿನ್ ಪಟ್ಟ ಪಾಡು ಗೊತ್ತಿದ್ದರೆ ಕೇಳದೆ ಇರಲಾರೆ.

ವುಡಿನ್ ರೈಲುಬೋಗಿ ತಯಾರಿಸುವ ಕಂಪನಿಯ ಸಿರಿವಂತ, ನಾಣ್ಯದ ಹುಚ್ಚಿನವನು. 1909ರಲ್ಲಿ ಹೇಸಲ್‌ಟೈನ್ ಮತ್ತು ನ್ಯಾಗಿ ಎಂಬ ವ್ಯಾಪಾರಿಗಳಿಂದ ಆ ಎರಡೂ ಚಿನ್ನದ ತುಂಡುಗಳನ್ನು ತಲಾ 10,000 ಡಾಲರಿಗೆ ಕೊಂಡ. ಅಷ್ಟು ಹಣವನ್ನು ಒಂದು ನಾಣ್ಯಕ್ಕೆ ಸುರಿಯುವುದು ಅಂದು ಕೇಳರಿಯದ ಸಂಗತಿ, ಪತ್ರಿಕೆಗಳು ಬಿಡಲಿಲ್ಲ. ಓದಿದವರಿಗೆಲ್ಲ ಒಂದೇ ಪ್ರಶ್ನೆ: ಸರ್ಕಾರದ ಸ್ವತ್ತು ಖಾಸಗಿಯವರ ಕೈಗೆ ಬಂದದ್ದೆಲ್ಲಿಂದ? ಟಂಕಸಾಲೆಯ ಹಳೆಯ ಅಧಿಕಾರಿ ಲೌಡನ್ ಸ್ನೋಡನ್ ಕರಗುವ ಪಾಲಾಗಲಿದ್ದ ಅವನ್ನು ಚಿನ್ನದ ಬೆಲೆ ತೆತ್ತು ಉಳಿಸಿಕೊಂಡಿದ್ದ ಎಂಬುದು ಪ್ರಚಲಿತ ಕತೆ. ಉಳಿಸಿದನೋ, ಜೇಬಿಗೆ ಇಳಿಸಿದನೋ, ಅವರವರ ಭಾವಕ್ಕೆ ಬಿಟ್ಟದ್ದು. ನನಗಂತೂ ಆತ ಉಳಿಸದಿದ್ದರೆ ಇವತ್ತು ನೋಡಲು ಏನೂ ಇರುತ್ತಿರಲಿಲ್ಲ ಎನಿಸುತ್ತದೆ.

ಸರ್ಕಾರ ಪಟ್ಟು ಹಿಡಿಯಿತು, ವುಡಿನ್ ನಾಣ್ಯಗಳನ್ನು ಟಂಕಸಾಲೆಗೆ ಹಿಂತಿರುಗಿಸಿದ. ಬದಲಿಗೆ ಅವನಿಗೆ ಪೆಟ್ಟಿಗೆಗಟ್ಟಲೆ ಬೇರೆ ಪ್ಯಾಟರ್ನ್‌ಗಳು ಸಿಕ್ಕವು. ಆಮೇಲೆ ಅವನು ಮಾಡಿದ ಕೆಲಸ ನನಗೆ ಅಚ್ಚುಮೆಚ್ಚು. ರಾಶಿಯನ್ನು ಸುಮ್ಮನೆ ತಿಜೋರಿಯಲ್ಲಿಡದೆ, ನಾಣ್ಯತಜ್ಞ ಎಡ್ಗರ್ ಆಡಮ್ಸ್ ಜೊತೆ ಕೂತು ಅಮೆರಿಕದ ಪ್ಯಾಟರ್ನ್ ನಾಣ್ಯಗಳ ಪಟ್ಟಿ ಪುಸ್ತಕ ಸಿದ್ಧಪಡಿಸಿದ. 1913ರಲ್ಲಿ ಅದು ಅಚ್ಚಾಯಿತು. ನೀನು ಮುಂಗಡಕ್ಕೆಂದು ಎತ್ತಿಟ್ಟ ಹಣದಲ್ಲಿ ಮೊದಲು ಪುಸ್ತಕಗಳನ್ನು ಕೊಳ್ಳು.

ಇಪ್ಪತ್ತು ವರ್ಷ ಕಳೆದು, 1933ರಲ್ಲಿ, ರೂಸ್‌ವೆಲ್ಟ್ ಸರ್ಕಾರದ ಖಜಾನೆ ಕಾರ್ಯದರ್ಶಿಯಾಗಿ ಕೂತವನು ಇದೇ ವುಡಿನ್! ಆ ಏಪ್ರಿಲ್‌ನಲ್ಲಿ ಜನರ ಬಳಿಯ ಚಿನ್ನವನ್ನು ಒಪ್ಪಿಸಬೇಕೆಂಬ ಆಜ್ಞೆ ಹೊರಟಿತು. ಅಪರೂಪದ ನಾಣ್ಯಗಳಿಗೆ ಅದರಲ್ಲಿ ವಿನಾಯಿತಿಯಿತ್ತು. ಆ ಸಾಲು ಸೇರಿದ್ದು ಅವನಿಂದಲೇ ಎಂದು ಸಂಗ್ರಾಹಕರು ಇಂದಿಗೂ ನೆನೆಯುತ್ತಾರೆ. ಆದರೆ ಅದೇ ವರ್ಷ ಮುದ್ರೆ ಬಿದ್ದು ಹೊರಗೆ ಬಿಡದ ಇಪ್ಪತ್ತು ಡಾಲರಿನ ನಾಣ್ಯಗಳನ್ನು ಸರ್ಕಾರ ಬಿಡಲಿಲ್ಲ. ಫಿಲಡೆಲ್ಫಿಯಾದ ಒಂದು ಕುಟುಂಬ ಹತ್ತು ನಾಣ್ಯಗಳನ್ನು ಪರೀಕ್ಷೆಗೆಂದು ಕೊಟ್ಟು, ಕೋರ್ಟು ಅಲೆದರೂ ಹಿಂದಕ್ಕೆ ಪಡೆಯಲಾಗಲಿಲ್ಲ.

ಊರಿಗೆ ಬಂದಾಗಲೂ ನಾಣ್ಯ ಬಂದದ್ದೆಲ್ಲಿಂದ ಎಂಬ ಇದೇ ಪ್ರಶ್ನೆ ಇರಲಿ. ಹೊಲ ಉಳುವಾಗ ಸಿಕ್ಕ ವರಹ ಎಂದು ಯಾರಾದರೂ ಪಿಸುಗುಟ್ಟಿದರೆ ಕೈಚಾಚಬೇಡ. ನಿಧಿ ಕಾಯ್ದೆ ಜಾರಿಯಲ್ಲಿದೆ, ಸಿಕ್ಕವನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯವನ್ನು ಸೂಟ್‌ಕೇಸಿನಲ್ಲಿಟ್ಟು ವಿಮಾನ ಹತ್ತುವುದಕ್ಕೂ 1972ರ ಕಾಯ್ದೆ ಅಡ್ಡವಿದೆ.

ಪ್ಯಾಟರ್ನ್ ಕೊಳ್ಳಲೇಬೇಡ ಎನ್ನುತ್ತಿಲ್ಲ. ಹಲವು ಕೈ ಬದಲಾಗಿ, ಹಳೆಯ ಹರಾಜು ಪಟ್ಟಿಗಳಲ್ಲಿ ಹೆಸರಿರುವ ತಾಮ್ರದ ತುಂಡುಗಳಿವೆ. ಅಂಥದ್ದು ಸಿಕ್ಕಿದರೆ ಹಿಂದಿನವರು ಕೈಬರಹದಲ್ಲಿ ಬರೆದಿಟ್ಟ ಪುಟ್ಟ ಕಾಗದದ ಲಕೋಟೆಯನ್ನೂ ಕೇಳಿ ಪಡೆ. ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಸಿದ ಮೇಲೆ ಆ ಲಕೋಟೆಯನ್ನು ಕಸಕ್ಕೆಸೆಯುವ ಜಾಣರಿದ್ದಾರೆ. ನೀನು ಅದರ ಬೆನ್ನಿಗೆ ಯಾರಿಂದ, ಯಾವಾಗ ಕೊಂಡೆ ಎಂದು ಪೆನ್ಸಿಲಿನಲ್ಲಿ ಬರೆದಿಡು.