ಅಂಕಿತವಿರುವ ಮಾತು

ಮೊನ್ನೆ ಮೊಮ್ಮಗಳು ಫೋನ್ ತಂದು ತೋರಿಸಿದಳು. ಸೂರ್ಯೋದಯದ ಚಿತ್ರ, ಹಿನ್ನೆಲೆಗೆ ಕೊಳಲು, ಮೇಲೆ ಆಯ್ದಕ್ಕಿ ಲಕ್ಕಮ್ಮನ ವಚನದ ಎರಡೇ ಸಾಲು. “ಪೂರ್ತಿ ಹಾಕಿದರೆ ಯಾರೂ ನೋಡೋದಿಲ್ಲ ಅಜ್ಜಾ, ಮೂರು ಸೆಕೆಂಡಿಗೆ ಮುಂದೆ ತಳ್ಳಿಬಿಡ್ತಾರೆ” ಅಂದಳು. ವಚನ ನಾಲ್ಕು ಜನರಿಗೆ ಮುಟ್ಟಲಿ ಎಂಬ ಅವಳ ಹಂಬಲ ಕಂಡು ಹಿಗ್ಗಿದೆ. ಆದರೂ ಆ ಎರಡು ಸಾಲು ನೋಡಿ ಮನಸ್ಸಿಗೆ ಕಸಿವಿಸಿಯಾಯಿತು. ಅವಳಿಗೆ ಹೇಳಿದ್ದನ್ನೇ ಅವಳ ಓರಗೆಯ ನಿಮಗೂ ಹೇಳುತ್ತೇನೆ.

ಲಕ್ಕಮ್ಮ ಆ ಮಾತು ಹೇಳಿದ್ದು ತನ್ನ ಗಂಡನಿಗೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಅದರಿಂದಲೇ ಅವರ ಮನೆಯ ದಾಸೋಹ ನಡೆಯಬೇಕು. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಮಿಕ್ಕಿದ್ದನ್ನು ತಂದ ಜಾಗಕ್ಕೇ ಮುಟ್ಟಿಸೆಂದು ಅವಳು ಅವನನ್ನು ತಿರುಗಿ ಕಳಿಸಿದಳು. ಅಕ್ಕಿ ಆಯ್ದು ಬದುಕುವ ಮನೆಯೊಳಗೆ, ಅಕ್ಕಿಯ ಗಂಟು ಕಣ್ಣೆದುರಿಗೇ ಇರುವಾಗ ಬಂದ ಮಾತು ಅದು. ಆ ಅಕ್ಕಿಯನ್ನೂ ಮಾರಯ್ಯನನ್ನೂ ತೆಗೆದುಹಾಕಿ ಸೂರ್ಯನ ಮೇಲೆ ಅಂಟಿಸಿದರೆ ‘ಅತಿಯಾಸೆ ಬೇಡ’ ಎಂಬುದಷ್ಟೇ ಉಳಿಯುತ್ತದೆ. ಅಷ್ಟು ಹೇಳುವುದಕ್ಕೆ ಲಕ್ಕಮ್ಮನೇ ಬೇಕೇ?

ಚಿಕ್ಕದಾಗಿ ಹೇಳಬೇಡಿ ಎನ್ನುತ್ತಿಲ್ಲ. ವಚನವೇ ಚಿಕ್ಕದು. ಆದರೆ ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಇಂಗಿದಂತೆ ಅದು ಚಿಕ್ಕದಾದದ್ದು. ಕಬ್ಬನ್ನು ಕತ್ತರಿಸಿದರೂ ಚಿಕ್ಕದಾಗುತ್ತದೆ, ಬೆಲ್ಲವಾಗುವುದಿಲ್ಲ.

ಹಿಂದೆ ವಚನವನ್ನು ಹೀಗೆ ತುಣುಕಾಗಿ ನೋಡಿ ಮುಂದೆ ತಳ್ಳುವಂತಿರಲಿಲ್ಲ. ನಮ್ಮಜ್ಜನ ಮನೆಯಲ್ಲಿ ವಚನಗಳ ಒಂದು ಓಲೆಕಟ್ಟು ಇತ್ತು. ಕಂಠವೆಂಬ ಮೊನಚು ಕಡ್ಡಿಯಿಂದ ಗರಿಯ ಮೇಲೆ ಕೊರೆದ ಅಕ್ಷರಗಳಿಗೆ ದೀಪದ ಮಸಿ ಸವರಿ ಒರೆಸಿದರೆ ಗೀರುಗಳೆಲ್ಲ ಕಪ್ಪಗೆ ಎದ್ದು ಬರುತ್ತಿದ್ದವು. ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ, ಸಾಲು ಮುರಿಯುವುದಿಲ್ಲ. ಎಲ್ಲಿ ಬಿಡಿಸಬೇಕೆಂದು ತಿಳಿಯಲು ಬಾಯಿಬಿಟ್ಟು ಎರಡು ಮೂರು ಸಲ ಓದಲೇಬೇಕು. ಅಜ್ಜ ಒಂದು ಗರಿ ಓದಿ ಮುಗಿಸುವಷ್ಟರಲ್ಲಿ ನನಗೂ ಅದು ಬಾಯಿಗೆ ಬಂದಿರುತ್ತಿತ್ತು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಇಂಥ ಕಟ್ಟುಗಳನ್ನು ಹುಡುಕಿ ತಂದು, ಪಾಠ ತಾಳೆ ನೋಡಿ, 1923ರಲ್ಲಿ ‘ವಚನಶಾಸ್ತ್ರ ಸಾರ’ ಪ್ರಕಟಿಸಿದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ, ಮರುವರ್ಷ ‘ಶಿವಾನುಭವ’ ಪತ್ರಿಕೆ. ಈ ಕೆಲಸಕ್ಕೆ ಇದ್ದ ಮನೆಯನ್ನೂ ಮಾರಿಕೊಂಡ ಪುಣ್ಯಾತ್ಮರು ಅವರು.

ಹಾಗೆ ತಾಳೆ ನೋಡದೆ ಹಂಚುವ ತಪ್ಪನ್ನು ನಾನೂ ಮಾಡಿಲ್ಲವೆಂದಲ್ಲ. ಎರಡು ವರ್ಷದ ಹಿಂದೆ ಕೂಡಲಸಂಗಮದೇವ ಎಂಬ ಅಂಕಿತವಿದ್ದ ಒಂದು ವಚನ ವಾಟ್ಸಾಪಿನಲ್ಲಿ ಬಂತು. ಓದಿ ಕಣ್ಣು ತುಂಬಿತು. ಬಂಧುಗಳ ಗುಂಪಿಗೂ ಹಳೆಯ ವಿದ್ಯಾರ್ಥಿಗಳ ಗುಂಪಿಗೂ ಕಳಿಸಿದೆ. ಸಂಜೆ ಒಬ್ಬ ಶಿಷ್ಯ ಫೋನ್ ಮಾಡಿ, “ಸರ್, ಇದು ಯಾವ ಸಂಪುಟದಲ್ಲಿದೆ?” ಎಂದು ಕೇಳಿದ. ಕನ್ನಡ ಕಲಿಸಿದ ಮೇಷ್ಟರು ಕಳಿಸಿದ್ದೆಂದು ಅವನು ಮಗಳಿಗೆ ಅದನ್ನು ಬಾಯಿಪಾಠ ಮಾಡಿಸಲು ಕೂತಿದ್ದ. ರಾತ್ರಿಯೆಲ್ಲ ಹುಡುಕಿದೆ, ಎಲ್ಲೂ ಇರಲಿಲ್ಲ. ಯಾರೋ ಈಚೆಗೆ ಬರೆದು ಬಸವಣ್ಣನ ಅಂಕಿತ ಅಂಟಿಸಿದ್ದರು. ಎರಡೂ ಗುಂಪಿನಲ್ಲಿ ಕ್ಷಮೆ ಕೇಳಿದೆ. ಆ ಮಗುವಿನ ಮುಖ ಇಂದಿಗೂ ಕಾಡುತ್ತದೆ.

ವಚನದ ಕೊನೆಗೆ ಬರುವ ಅಂಕಿತವೆಂದರೆ ಅಲಂಕಾರವಲ್ಲ. ತನ್ನ ದೇವರ ಎದುರು ನಿಂತು ಆಡಿದ ಮಾತಿದು ಎಂಬ ಒಪ್ಪಿಗೆ. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಇಟ್ಟ. ನಮ್ಮ ಫಾರ್ವರ್ಡಿನ ತಲೆಯ ಮೇಲೆ ಬಾಣದ ಗುರುತು ಮಾತ್ರ ಇರುತ್ತದೆ, ಹೊಣೆ ಹೊರುವ ಹೆಸರು ಇರುವುದಿಲ್ಲ. ಆದ್ದರಿಂದ ಕಳಿಸುವ ಮೊದಲು ದಯವಿಟ್ಟು ಹುಡುಕಿ. ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳು 15 ಇವೆ. ಹಳಕಟ್ಟಿಯವರಿಗೆ ಇಲ್ಲದ ಅನುಕೂಲವೂ ನಿಮಗಿದೆ: ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದು ಬರುವ ವಚನಗಳೆಲ್ಲ ಎದುರಿಗೆ ಬರುತ್ತವೆ. ಸಿಕ್ಕಿದ ಮೇಲೆ ಒಂದು ದಿನ ನಿಮ್ಮಲ್ಲೇ ಇಟ್ಟುಕೊಳ್ಳಿ. ಅದು ನಿಮಗೆ ಎಲ್ಲಿ ತಾಗಿತು ಎಂಬುದನ್ನು ನಿಮ್ಮ ಮಾತಿನಲ್ಲಿ ಎರಡು ವಾಕ್ಯ ಬರೆದು, ಆಮೇಲೆ ಕಳಿಸಿ. ತಾಗಲೇ ಇಲ್ಲವೆಂದರೆ ಕಳಿಸಬೇಡಿ.

ಯಾರಾದರೂ ಒರಟಾಗಿ ಪ್ರಶ್ನೆ ಕೇಳಿದರೆ ನೊಂದುಕೊಳ್ಳಬೇಡಿ, ಅವರನ್ನು ತಳ್ಳಿಹಾಕಲೂ ಬೇಡಿ. ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ ಶೂನ್ಯಸಂಪಾದನೆಯಲ್ಲಿ ಅಲ್ಲಮ ಮಹಾದೇವಿಯಕ್ಕನನ್ನು ಕೇಳುವ ಪ್ರಶ್ನೆಗಳು ಎಷ್ಟು ಕಟುವಾಗಿವೆ! ಹದಿನೈದನೆಯ ಶತಮಾನದಲ್ಲಿ ಅದನ್ನು ಜೋಡಿಸಿದವರು ಅಕ್ಕನ ಉತ್ತರಗಳನ್ನಷ್ಟೇ ಉಳಿಸಿ ಪ್ರಶ್ನೆಗಳನ್ನು ಬಿಡಬಹುದಿತ್ತು. ಬಿಡಲಿಲ್ಲ. ಆ ಪ್ರಶ್ನೆಗಳಿರುವುದರಿಂದಲೇ ಅಕ್ಕನ ಎತ್ತರ ನಮಗೆ ಕಾಣುತ್ತದೆ.

ಮೊಮ್ಮಗಳು ಆ ಚಿತ್ರ ತೆಗೆದಳು. ಭಾನುವಾರ ಅಡುಗೆಮನೆಯಲ್ಲಿ ಮೊರದ ಅಕ್ಕಿ ಆರಿಸುತ್ತ ಲಕ್ಕಮ್ಮನ ಕಥೆ ಹೇಳಿದಳು, ವಚನವನ್ನು ಪೂರ್ತಿ ಓದಿದಳು. ಬೇಕಿಲ್ಲದೆ ತರಿಸಿದ ಎರಡು ಚೂಡಿದಾರ ತಾನು ವಾಪಸು ಕಳಿಸಿದ್ದನ್ನೂ ಸೇರಿಸಿದಳು. ನಾಲ್ಕು ನಿಮಿಷದ ವಿಡಿಯೋ. ನೋಡಿದವರು ಮೊದಲಿಗಿಂತ ಕಡಿಮೆ. ಅವರಲ್ಲೊಬ್ಬಳು ಹಾಸ್ಟೆಲಿನ ಹುಡುಗಿ ಬರೆದಿದ್ದಳು: “ಅಕ್ಕಾ, ಅದಕ್ಕೆ ಮಾರಯ್ಯ ಏನಂದ?”

ಇಷ್ಟು ವರ್ಷ ಪಾಠ ಹೇಳಿದರೂ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಈಗ ನಾವಿಬ್ಬರೂ ಸಂಪುಟ ತೆರೆದಿಟ್ಟುಕೊಂಡು ಮಾರಯ್ಯನ ವಚನಗಳನ್ನು ಒಂದೊಂದಾಗಿ ಓದುತ್ತ ಕೂತಿದ್ದೇವೆ.