ಕೊಳ್ಳದ ಮನೆಗೆ ತೆತ್ತ ಹಣ

2023ನೆಯ ಇಸವಿಯಲ್ಲಿ ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ, ಕೊನೆಗೂ ನನ್ನದಾಗದೆ ಹೋದ ಒಂದು ಫ್ಲ್ಯಾಟಿನ ಸಲುವಾಗಿ, ಸಾಲಿಸಿಟರ ಶುಲ್ಕ, ಸರ್ಚುಗಳು (ದಾಖಲೆಗಳ ಶೋಧನೆ), ಸರ್ವೇಯರನ ವರದಿ ಇವೆಲ್ಲ ಕೂಡಿ 1,800 ಪೌಂಡುಗಳನ್ನು ನಾನು ವ್ಯಯಮಾಡಿದೆನೆಂಬ ಸಂಗತಿಯು ನಮ್ಮ ಬಂಧುವರ್ಗದಲ್ಲಿ ಇಂದಿಗೂ ಪರಿಹಾಸದ ವಸ್ತುವಾಗಿ ಉಳಿದಿದೆ. ಗೃಹಪ್ರವೇಶದ ಊಟವಿಲ್ಲದ ಮನೆಗೆ ಎರಡು ಲಕ್ಷ ರೂಪಾಯಿಗೆ ಸಮೀಪವಾದ ಮೊತ್ತವನ್ನು ತೆತ್ತವನನ್ನು ವ್ಯವಹಾರಜ್ಞನೆಂದು ಒಪ್ಪಿಕೊಳ್ಳಲು ಅವರು ಸಿದ್ಧರಿಲ್ಲ. ನಾನಾದರೋ, ಈ ದೇಶದಲ್ಲಿ ಮಾಡಿದ ವೆಚ್ಚಗಳ ಪೈಕಿ ಅದಕ್ಕಿಂತ ಸಾರ್ಥಕವಾದುದು ಬೇರೊಂದಿಲ್ಲವೆಂದೇ ಎಣಿಸಿದ್ದೇನೆ.

ಕರ್ನಾಟಕದಲ್ಲಿ ನಿವೇಶನ ಕೊಳ್ಳುವವನು ವಕೀಲರ ಬಾಗಿಲಿಗೆ ಹೋಗುವುದು ಮುಖ್ಯವಾಗಿ ಒಂದೇ ಭಯದಿಂದ: ಮಾರುತ್ತಿರುವಾತನು ನಿಜವಾಗಿಯೂ ಒಡೆಯನೇ? 1908ರ ನೋಂದಣಿ ಕಾಯಿದೆಯು ಪತ್ರವನ್ನು ದಾಖಲೆ ಮಾಡಿಕೊಳ್ಳುತ್ತದೆಯೇ ಹೊರತು ಒಡೆತನಕ್ಕೆ ಹೊಣೆ ನಿಲ್ಲುವುದಿಲ್ಲವಾದುದರಿಂದ, ಮೂಲಪತ್ರ, ವಂಶವೃಕ್ಷ, ಮೂವತ್ತು ವರ್ಷಗಳ ಇ.ಸಿ., ಖಾತೆ, ಕಂದಾಯದ ರಸೀದಿ ಇವುಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಾವು ಅಲೆಯುತ್ತೇವೆ. ಇಂಗ್ಲೆಂಡಿನಲ್ಲಿ ಈ ಭಯಕ್ಕೆ ಹೆಚ್ಚು ಅವಕಾಶವಿಲ್ಲ. 1862ರಲ್ಲಿ ಸ್ಥಾಪಿತವಾದ ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಆತನೇ ಒಡೆಯನು. ಆ ದಾಖಲೆಯ ದೋಷದಿಂದ ಯಾರಿಗಾದರೂ ನಷ್ಟವಾದಲ್ಲಿ ಪರಿಹಾರ ಕೊಡತಕ್ಕ ವ್ಯವಸ್ಥೆ ಕಾನೂನಿನಲ್ಲಿಯೇ ಇದೆ. ಅದರ ಪ್ರತಿಯನ್ನು ಈಗ 7 ಪೌಂಡು ಕೊಟ್ಟು ಯಾರಾದರೂ ಪಡೆಯಬಹುದು. ಇಷ್ಟನ್ನು ತಿಳಿದ ನಮ್ಮವರು, ಹಾಗಾದರೆ ಸಾಲಿಸಿಟರಿಗೆ ಅಷ್ಟೊಂದು ಹಣವೇಕೆ, ಎಲ್ಲರಿಗಿಂತ ಅಗ್ಗದವನೇ ಸಾಕು ಎಂಬ ತೀರ್ಮಾನಕ್ಕೆ ಬರುತ್ತಾರೆ. ಒಡೆಯನು ಯಾರೆಂಬುದೇನೋ ರಿಜಿಸ್ಟರಿನ ಮೊದಲ ಹಾಳೆಗಳಲ್ಲಿ ಸಿಕ್ಕಿಬಿಡುತ್ತದೆ. ಆ ಒಡೆತನದೊಡನೆ ಯಾವ ಯಾವ ಬಂಧನಗಳು ನಮ್ಮ ತಲೆಗೆ ಬೀಳುವುವೆಂಬುದನ್ನು ಮಾತ್ರ, ಫ್ಲ್ಯಾಟುಗಳನ್ನು ಮಾರುವ ದೀರ್ಘಾವಧಿಯ ಗುತ್ತಿಗೆಯಾದ, ನಲವತ್ತೈವತ್ತು ಪುಟಗಳ ಲೀಸಿನ ಅನುಬಂಧಗಳಲ್ಲಿ ಯಾರಾದರೂ ಕುಳಿತು ಓದಬೇಕು.

ರೆಡಿಂಗಿನ ಆ ಫ್ಲ್ಯಾಟಿಗೆ ನಮ್ಮ ಆಫರು ಅಂಗೀಕೃತವಾದ ದಿನವೇ ಎಸ್ಟೇಟ್ ಏಜೆಂಟನು, ಮನೆಯ ಕ್ರಯದ ಕಾನೂನು ಕೆಲಸ ಮಾಡುವ, ತನ್ನ ಪರಿಚಯದ ಕನ್ವೇಯನ್ಸಿಂಗ್ ಕಂಪೆನಿಯೊಂದನ್ನು ಮುಂದಿಟ್ಟನು: ಶುಲ್ಕ ಕೇವಲ 550 ಪೌಂಡು, ವ್ಯವಹಾರ ಮುರಿದುಬಿದ್ದರೆ ಒಂದು ಪೆನ್ನಿಯನ್ನೂ ಕೊಡಬೇಕಾಗಿಲ್ಲ. ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿಯಿಟ್ಟುಕೊಂಡಿದ್ದ ವಯಸ್ಸಾದ ಮಹಿಳಾ ಸಾಲಿಸಿಟರೊಬ್ಬರು ಕೇಳಿದುದು 1,250 ಪೌಂಡು. ಮುರಿದುಬಿದ್ದರೂ ಮಾಡಿದಷ್ಟು ಕೆಲಸಕ್ಕೆ ಹಣ ತೆರಬೇಕು. ನಾನು ಈ ಎರಡನೆಯವರನ್ನೇ ಗೊತ್ತುಮಾಡಿಕೊಂಡೆನು.

ಮುರಿದರೆ ಹಣವಿಲ್ಲವೆಂಬ ಈ ಸರಕಿನ ವಿಷಯದಲ್ಲಿ ನನಗೆ ಸಹನೆ ಕಡಿಮೆ. ವ್ಯವಹಾರ ಕೈಗೂಡಿದರೆ ಮಾತ್ರ ಕೂಲಿ ಪಡೆಯತಕ್ಕವನು ಈ ವ್ಯವಹಾರ ಬೇಡವೆಂದು ಹೇಳಲು ಯಾವ ಪ್ರೇರಣೆಯಿಂದ ಬಾಯಿ ತೆರೆದಾನು? ಮದುವೆ ಕುದುರಿದರಷ್ಟೇ ದಕ್ಷಿಣೆ ಎಂದು ಗೊತ್ತುಮಾಡಿಕೊಂಡ ದಳ್ಳಾಳಿಯನ್ನೇ ವರನ ನಡತೆ ವಿಚಾರಿಸಿಕೊಂಡು ಬಾ ಎಂದು ಕಳುಹಿಸಿದ ಹಾಗಾಯಿತು. ಅಗ್ಗವೆಂಬುದಾದರೂ ನಿಜವೇ? ಏಜೆಂಟನು ಹೇಳಿದ ಕಂಪೆನಿಯ ಅಂದಾಜುಪಟ್ಟಿಯ ಎರಡನೆಯ ಹಾಳೆಯಲ್ಲಿ, ಮನೆ ಲೀಸ್‌ಹೋಲ್ಡ್ ಆದರೆ 275, ಬ್ಯಾಂಕಿನ ಸಾಲವಿದ್ದರೆ 120, ಹಣದಲ್ಲಿ ಯಾರಾದರೂ ಕೊಟ್ಟ ಭಾಗವಿದ್ದರೆ 90, ಸ್ಟ್ಯಾಂಪ್ ಡ್ಯೂಟಿಯ ರಿಟರ್ನ್ ತುಂಬಲು 95, ಹಣದ ರವಾನೆಗೆ 45 ಎಂದು ನಮೂದಿಸಿತ್ತು. ಎಲ್ಲವೂ ನಮಗೆ ಅನ್ವಯಿಸುವಂಥವೇ ಆದ್ದರಿಂದ 550 ಹೋಗಿ 1,175 ಆಯಿತು. ಅದರಲ್ಲಿ 200 ಪೌಂಡು ಗಿರಾಕಿಯನ್ನು ಕಳುಹಿಸಿಕೊಟ್ಟುದಕ್ಕಾಗಿ ಏಜೆಂಟನಿಗೆ ಸಲ್ಲುವುದೆಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಸಾಲಿಸಿಟರ್ ಸಂಸ್ಥೆಗಳು ಮನೆ ಕೊಳ್ಳುವ, ಮಾರುವ ಕೆಲಸದ ದರವನ್ನು ಬಹಿರಂಗವಾಗಿ ಪ್ರಕಟಿಸತಕ್ಕದ್ದೆಂದು ಅವರ ನಿಯಂತ್ರಕರಾದ ಎಸ್‌ಆರ್‌ಎ 2018ರ ಡಿಸೆಂಬರಿನಿಂದ ವಿಧಿಸಿದ್ದಾರೆ. ಆದರೆ ಹಾಳೆ ತಿರುವುವ ಕೆಲಸ ನಮ್ಮದೇ.

ಹಣದ ಮೂಲವನ್ನು ವಿಚಾರಿಸುವ ಪ್ರಕರಣವನ್ನೂ ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ತಂದೆಯವರು ಮೈಸೂರಿನ ನಿವೇಶನವನ್ನು ಮಾರಿ, ಬಂದ ಹಣದಲ್ಲಿ ಒಂದಂಶವನ್ನು ನನಗೆ ಕಳುಹಿಸಿದ್ದರು. ಮನಿ ಲಾಂಡರಿಂಗ್ ತಡೆಯುವ 2017ರ ನಿಯಮಗಳನ್ನು ಮುಂದಿಟ್ಟು ಸಾಲಿಸಿಟರು ಆ ಕ್ರಯಪತ್ರದ ಇಂಗ್ಲಿಷ್ ಅನುವಾದವನ್ನೂ, ತಂದೆಯವರ ಬ್ಯಾಂಕಿನ ಲೆಕ್ಕವನ್ನೂ, ಆ ಹಣವು ಸಾಲವಲ್ಲ, ಮನೆಯಲ್ಲಿ ತಮಗೆ ಯಾವ ಹಕ್ಕೂ ಬೇಡವೆಂದು ಅವರ ರುಜುವುಳ್ಳ ಪತ್ರವನ್ನೂ ಕೇಳಿದರು. “ಅಲ್ಲಪ್ಪಾ, ಮಗನಿಗೆ ಕೊಟ್ಟ ದುಡ್ಡಿಗೂ ನಾನು ಪತ್ರ ಬರೆದುಕೊಡಬೇಕೇ?” ಎಂದು ತಂದೆಯವರು ಫೋನಿನಲ್ಲಿ ನೊಂದುಕೊಂಡರು, ಕೊಂಚ ಹೊತ್ತಿನ ಬಳಿಕ ತಾವೇ ಮತ್ತೆ ಫೋನುಮಾಡಿ, ರುಜುವನ್ನು ಕನ್ನಡದಲ್ಲಿ ಹಾಕಿದರೆ ಆದೀತೇ ಎಂದು ವಿಚಾರಿಸಿದರು. ಊರಿನಿಂದ ಹಣ ತರಿಸುವವರು ಈ ಕಾಗದಗಳನ್ನು ಮನೆ ಹುಡುಕುವುದಕ್ಕೆ ಮುಂಚೆಯೇ ಸಿದ್ಧಪಡಿಸಿಟ್ಟುಕೊಳ್ಳುವುದು ಮೇಲು.

ಲೀಸು ಕೈಗೆ ಬಂದ ಮೇಲೆ ಸಾಲಿಸಿಟರು ಅದರ ಅನುಬಂಧದ ಒಂದು ವಾಕ್ಯದ ಪಕ್ಕಕ್ಕೆ, ಅಂಚಿನಲ್ಲಿ, ಸೀಸದಕಡ್ಡಿಯಿಂದ ಇಸವಿಗಳ ಸಾಲೊಂದನ್ನು ಬರೆದು ನನಗೆ ಕಳುಹಿಸಿದರು. 2008ರಲ್ಲಿ 125 ವರ್ಷಗಳಿಗೆ ಬರೆದ ಆ ಲೀಸಿನಲ್ಲಿ ಗ್ರೌಂಡ್ ರೆಂಟ್, ಎಂದರೆ ನೆಲಬಾಡಿಗೆ, ವರ್ಷಕ್ಕೆ 250 ಪೌಂಡು. ಪ್ರತಿ ಹತ್ತು ವರ್ಷಕ್ಕೊಮ್ಮೆ, ಐವತ್ತನೆಯ ವರ್ಷದವರೆಗೆ, ಅದು ಇಮ್ಮಡಿಯಾಗತಕ್ಕದ್ದು. 2018ರಲ್ಲಿ 500 ಆಗಿತ್ತು. 2028ಕ್ಕೆ 1,000, 2038ಕ್ಕೆ 2,000, 2048ಕ್ಕೆ 4,000, 2058ಕ್ಕೆ 8,000. ತಿಂಗಳಿಗೆ ನಲವತ್ತೆರಡು ಪೌಂಡೂ ಆಗುವುದಿಲ್ಲವೆಂದು ಏಜೆಂಟನು ಹೇಳಿದುದು 500ರ ಲೆಕ್ಕ, ಅಷ್ಟರಮಟ್ಟಿಗೆ ಸತ್ಯವೇ. ನಮ್ಮ ಸಾಲ 25 ವರ್ಷಗಳದು, ಎಂದರೆ 2048ರವರೆಗೆ. ಅಷ್ಟರಲ್ಲಿ ತೆರಬೇಕಾದ ಗ್ರೌಂಡ್ ರೆಂಟು ಮೊದಲ ಐದು ವರ್ಷಕ್ಕೆ 2,500, ಮುಂದಿನ ಹತ್ತಕ್ಕೆ 10,000, ಅದರ ಮುಂದಿನ ಹತ್ತಕ್ಕೆ 20,000, ಒಟ್ಟು 32,500 ಪೌಂಡು. 250ರಲ್ಲಿಯೇ ನಿಂತಿದ್ದರೆ 6,250 ಮಾತ್ರ.

ಇದಕ್ಕಿಂತ ದೊಡ್ಡ ಕುತ್ತು ಮಾರುವ ಕಾಲದಲ್ಲಿ ಎದುರಾಗುವಂಥದು. ಗ್ರೌಂಡ್ ರೆಂಟು ಮನೆಯ ಬೆಲೆಯ ಸಾವಿರದಲ್ಲೊಂದು ಭಾಗವನ್ನು ಮೀರಿದರೆ ಸಾಲ ಕೊಡಲು ಅನೇಕ ಬ್ಯಾಂಕುಗಳು ಹಿಂಜರಿಯುತ್ತವೆ. ಫ್ಲ್ಯಾಟಿನ ಬೆಲೆ 2,10,000 ಪೌಂಡು. ಸಾವಿರದಲ್ಲೊಂದೆಂದರೆ 210, ರೆಂಟು ಆಗಲೇ 500. 2028ರಲ್ಲಿ ಈ ಅಳತೆಗೆ ಒಪ್ಪಬೇಕಾದರೆ ಆ ಎರಡು ಕೋಣೆಗಳ ಫ್ಲ್ಯಾಟು ಹತ್ತು ಲಕ್ಷ ಪೌಂಡು ಬಾಳಬೇಕು, 2038ರಲ್ಲಿ ಇಪ್ಪತ್ತು ಲಕ್ಷ! ಸಾಲ ಹುಟ್ಟದ ಮನೆಯನ್ನು ಕೈಯಲ್ಲಿ ರೊಕ್ಕವಿದ್ದವನಿಗೆ, ಅವನು ಕೇಳಿದ ಬೆಲೆಗೆ ಮಾರಬೇಕಾಗುತ್ತದೆ. 2022ರ ಜೂನ್ 30ರಿಂದ ಬರೆದ ಬಹುಪಾಲು ಹೊಸ ಲೀಸುಗಳಲ್ಲಿ ಗ್ರೌಂಡ್ ರೆಂಟು ವಸೂಲು ಮಾಡಲಾಗದಂತೆ ಪಾರ್ಲಿಮೆಂಟು ಕಾಯಿದೆ ಮಾಡಿತಾದರೂ 2008ರ ಲೀಸಿಗೆ ಅದರ ರಕ್ಷಣೆಯಿರಲಿಲ್ಲ.

ಇಮ್ಮಡಿಯ ಷರತ್ತನ್ನು ಸಡಿಲಿಸಲು ನೆಲದ ಒಡೆಯರಾದ ಫ್ರೀಹೋಲ್ಡರು ಕೇಳಿದ ಹಣವನ್ನು ಮಾರುವವರು ಕೊಡಲೊಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಎಕ್ಸ್‌ಚೇಂಜ್, ಎಂದರೆ ಕರಾರುಪತ್ರಗಳ ವಿನಿಮಯ, ಆಗಿರದಿದ್ದುದರಿಂದ ಹಿಂದೆಗೆಯಲು ಅಡ್ಡಿಯಿರಲಿಲ್ಲ. ಆಗಿದ್ದಲ್ಲಿ ನೂರಕ್ಕೆ ಹತ್ತರಂತೆ 21,000 ಪೌಂಡು ಡಿಪಾಜಿಟ್ಟಿಗೆ ಎಳ್ಳುನೀರು ಬಿಡಬೇಕಾಗುತ್ತಿತ್ತು. ಅದುವರೆಗಿನ ಕೆಲಸಕ್ಕೆ ವ್ಯಾಟ್ ಸೇರಿ 900, ಸರ್ಚುಗಳಿಗೆ 350, ಸರ್ವೇಯರನಿಗೆ 550: ಇದೇ ಆ 1,800.

ಮರುವರ್ಷ ಅದೇ ಸಾಲಿಸಿಟರ ಮೂಲಕ, ನೆಲವೂ ನಮ್ಮದಾಗುವ ಫ್ರೀಹೋಲ್ಡ್ ಮನೆಯೊಂದನ್ನು ಕೊಂಡೆವು. ಮೊತ್ತವನ್ನು ರವಾನಿಸುವಾಗ ಕಳ್ಳರು ನಡುವೆ ಹೊಕ್ಕು, ಸಾಲಿಸಿಟರ ಹೆಸರಿನಲ್ಲಿ ಇಮೇಲ್ ಕಳುಹಿಸಿ, ಬೇರೆ ಖಾತೆಗೆ ಹಣ ಹಾಕಿಸಿಕೊಳ್ಳುವುದು ಇಲ್ಲಿ ಹೊಸತಲ್ಲವಾದ್ದರಿಂದ, ಖಾತೆಯ ಸಂಖ್ಯೆಯನ್ನು ಆರಂಭದಲ್ಲಿಯೇ ಅವರ ಕಚೇರಿಯಲ್ಲಿ ಕಾಗದದ ಮೇಲೆ ಬರೆಸಿಕೊಂಡು ಬಂದಿದ್ದೆನು. ಮೊದಲು ಒಂದೇ ಒಂದು ಪೌಂಡನ್ನು ಕಳುಹಿಸಿ, ಅದು ಮುಟ್ಟಿತೆಂದು ಗುಮಾಸ್ತೆಯ ಬಾಯಿಂದಲೇ ಕೇಳಿ, ಆಮೇಲೆ ಉಳಿದುದನ್ನು ಕಳುಹಿಸಿದೆನು. ನಮ್ಮ ತರುಣರಿಗೆ ಫೋನು ಮಾಡಿ ವಿಚಾರಿಸುವುದೆಂದರೆ ಅದೇನು ಸಂಕೋಚವೋ ತಿಳಿಯದು. ಹತ್ತು ಪೌಂಡಿನ ಊಟ ತರಿಸುವ ಮುನ್ನ ಹತ್ತು ಜನರ ಅಭಿಪ್ರಾಯ ಓದುವವರು ಜೀವಮಾನದ ಗಳಿಕೆಯನ್ನು ಒಂದು ಬೆರಳೊತ್ತಿನಿಂದ ಸಾಗಹಾಕುತ್ತಾರೆ.

ಇನ್ನು ರಿಮಾರ್ಟ್‌ಗೇಜ್ ಮಾಡಿಸುವಾಗ, ಎಂದರೆ ಮನೆಸಾಲವನ್ನು ಬೇರೆ ಬ್ಯಾಂಕಿಗೆ ಬದಲಾಯಿಸುವಾಗ, ಹೊಸ ಬ್ಯಾಂಕು ಉಚಿತವಾಗಿ ಒದಗಿಸುವ ವಕೀಲನು ಸಾಮಾನ್ಯವಾಗಿ ಬ್ಯಾಂಕಿನ ಪರವಾಗಿ ಕೆಲಸ ಮಾಡುವವನು. ಅದೇ ಮನೆ, ಅದೇ ಹೆಸರುಗಳು, ಬಡ್ಡಿಯಷ್ಟೇ ಬದಲು ಎನ್ನುವಲ್ಲಿ ಅವನೇ ಸಾಕು, ಬೇರೆ ಹಣ ಸುರಿಯಬೇಕಾಗಿಲ್ಲ. ಅದರ ಜೊತೆಯಲ್ಲಿ ದಾಖಲೆಗೆ ಒಂದು ಹೆಸರನ್ನು ಸೇರಿಸುವುದೋ ತೆಗೆಯುವುದೋ ಇದ್ದರೆ ಮಾತ್ರ ನಮ್ಮವರೇ ಆದ ಸಾಲಿಸಿಟರೊಬ್ಬರನ್ನು ಬೇರೆಯಾಗಿ ಗೊತ್ತುಮಾಡಿಕೊಳ್ಳಬೇಕು, ಅದರ ಶುಲ್ಕವನ್ನೂ ಬಡ್ಡಿಯ ಉಳಿತಾಯದಲ್ಲಿ ಕಳೆದೇ ಲೆಕ್ಕ ಹಾಕಬೇಕು.